ಸ್ಲೀವ್ ಆದ ಮೇಲೆ ತೂಕ ಮತ್ತೆ ಏರಿದೆ, ಈಗ ಬೈಪಾಸ್ ಮಾಡಿಸಬೇಕಾ?

ಶನಿವಾರಸಂತೆ_ತಂಗಿ

ಅಕ್ಕನ ಪರವಾಗಿ ಕೇಳ್ತಿದ್ದೀನಿ. ವಯಸ್ಸು 44, ಎತ್ತರ 162 ಸೆಂ.ಮೀ. 2019ರಲ್ಲಿ ಸ್ಲೀವ್ ಆಪರೇಷನ್ (ತೂಕ ಇಳಿಸೋಕೆ ಹೊಟ್ಟೆಯ ಬಹುಭಾಗ ಕತ್ತರಿಸಿ ಕೊಳವೆಯಂತೆ ಮಾಡೋದು) ಆಯ್ತು, ಆಗ 118 ಕೆ.ಜಿ. ಒಂದೂವರೆ ವರ್ಷದಲ್ಲಿ 82ಕ್ಕೆ ಇಳಿದಿದ್ರು. ಈಗ 101. ನಿಂತಿದ್ದ ಶುಗರ್ ಮಾತ್ರೆ ಮತ್ತೆ ಶುರುವಾಗಿದೆ, ಮೆಟ್‌ಫಾರ್ಮಿನ್ ಜೊತೆ ಡಾಪಾಗ್ಲಿಫ್ಲೋಜಿನ್. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 8.1. ಮಲಗಿದ್ರೆ ಹುಳಿ ಗಂಟಲಿಗೆ ಬರುತ್ತೆ, ದಿನಾ ಪ್ಯಾಂಟೊಪ್ರಜೋಲ್ ಇಲ್ದೆ ಆಗಲ್ಲ.

ಒಬ್ಬ ಡಾಕ್ಟ್ರು ಮಿನಿ ಬೈಪಾಸ್ ಅಂದ್ರು. ಇನ್ನೊಬ್ರು ಇರೋ ಸ್ಲೀವನ್ನೇ ಮತ್ತೆ ಕತ್ತರಿಸಿ ಸಣ್ಣ ಮಾಡಬಹುದು ಅಂದ್ರು. ಮೂರನೆಯವರು ವಾರಕ್ಕೊಂದು ಇಂಜೆಕ್ಷನ್ ಸಾಕು ಅಂತಾರೆ. ಎಂಡೋಸ್ಕೋಪಿ ಇನ್ನೂ ಮಾಡಿಸಿಲ್ಲ. ತಿಳಿದವರು ಯಾವುದು ಸರಿ ಅಂತ ಹೇಳಿ.

ಓಟಿ_ಮಡಿಕೇರಿ

ಎಂಡೋಸ್ಕೋಪಿ ಆಗದೆ ಮೂರು ಮೂರು ಹೆಸರು ಕೇಳಿಬಂದಿವೆ. ಸದ್ಯಕ್ಕೆ ಯಾವುದಕ್ಕೂ ಹೂಂ ಅನ್ನಬೇಡಿ. ತೂಕ ಯಾಕೆ ಏರಿತು ಅನ್ನೋದು ಗೊತ್ತಾದರೆ ಯಾವ ಆಪರೇಷನ್, ಅಥವಾ ಆಪರೇಷನ್ನೇ ಬೇಕಾ ಅನ್ನೋದು ಮುಕ್ಕಾಲು ಪಾಲು ತಾನಾಗೇ ತೀರ್ಮಾನವಾಗುತ್ತೆ.

ಲೆಕ್ಕ ನೋಡಿ. 162 ಸೆಂ.ಮೀ. ಎತ್ತರಕ್ಕೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 25 ಅಂದ್ರೆ ಸುಮಾರು 66 ಕೆ.ಜಿ. ಆಪರೇಷನ್ ದಿನ ಅಕ್ಕನವರಿಗೆ 52 ಕೆ.ಜಿ. ಹೆಚ್ಚಿತ್ತು, ಅದರಲ್ಲಿ 36 ಇಳಿಯಿತು. ಅಂದ್ರೆ ಸ್ಲೀವ್ ಚೆನ್ನಾಗೇ ಕೆಲಸ ಮಾಡಿದೆ. ಇಳಿದ 36ರಲ್ಲಿ 19 ವಾಪಸ್ ಬಂದಿದೆ, ಅರ್ಧಕ್ಕಿಂತ ಹೆಚ್ಚು. ಈಗಿನ ಬಿಎಂಐ 38.5. ಶುರುವಿನಿಂದಲೂ ತೂಕ ಇಳಿಯದೇ ಇರೋದು ಬೇರೆ, ಇಳಿದು ಏರೋದು ಬೇರೆ. ಮೊದಲನೆಯದರಲ್ಲಿ ಆಪರೇಷನ್ ಮಾಡಿದ ರೀತಿಯಲ್ಲೇ ಕೊರತೆ ಹುಡುಕಬೇಕು, ಉದಾಹರಣೆಗೆ ಹೊಟ್ಟೆಯ ಮೇಲ್ಭಾಗದ ಫಂಡಸ್ ಪೂರ್ತಿ ತೆಗೆಯದೆ ಉಳಿದಿರೋದು. ಎರಡನೆಯದರಲ್ಲಿ ನಡುವೆ ಏನು ಬದಲಾಯಿತು ಅಂತ ಹುಡುಕಬೇಕು: ಸ್ಲೀವ್ ಹಿಗ್ಗಿತಾ, ತಿನ್ನೋ ಕ್ರಮ ಬದಲಾಯಿತಾ, ಥೈರಾಯ್ಡ್, ಮುಟ್ಟು ನಿಲ್ಲೋ ವಯಸ್ಸು, ರಾತ್ರಿ ಗೊರಕೆ ಮತ್ತು ಉಸಿರುಗಟ್ಟು. ಸ್ಟೀರಾಯ್ಡ್, ಇನ್ಸುಲಿನ್, ವಾಲ್‌ಪ್ರೋಯೇಟ್, ಕೆಲವು ಮನೋರೋಗದ ಮಾತ್ರೆಗಳೂ ತೂಕ ಏರಿಸುತ್ತವೆ. ಔಷಧಿ ಚೀಟಿ ಪೂರ್ತಿ ತಗೊಂಡು ಹೋಗಿ.

ಪರೀಕ್ಷೆಗಳಲ್ಲಿ ಮೊದಲು ಎಂಡೋಸ್ಕೋಪಿ. ರಿಪೋರ್ಟಲ್ಲಿ 'ಪೋಸ್ಟ್ ಸ್ಲೀವ್ ಸ್ಟೇಟಸ್' ಅಂತ ಒಂದೇ ಸಾಲು ಬರೆದು ಕೊಟ್ಟರೆ ಪ್ರಯೋಜನ ಇಲ್ಲ. ಅನ್ನನಾಳದ ಉರಿಯೂತ ಎ, ಬಿ, ಸಿ, ಡಿ ಯಾವ ಗ್ರೇಡು, ಬ್ಯಾರೆಟ್ಸ್ ಬದಲಾವಣೆ (ಆಮ್ಲದಿಂದ ಅನ್ನನಾಳದ ಒಳಪದರ ಬದಲಾಗೋದು) ಇದೆಯಾ, ಹಯಾಟಸ್ ಹರ್ನಿಯಾ (ಹೊಟ್ಟೆಯ ಮೇಲ್ಭಾಗ ಎದೆಗೂಡಿಗೆ ನುಗ್ಗೋದು) ಎಷ್ಟು ಸೆಂಟಿಮೀಟರು, ಪಿತ್ತ ಮೇಲೆ ಬಂದಿದೆಯಾ, ಸ್ಲೀವ್ ಮಧ್ಯದ ತಿರುವಿನಲ್ಲಿ ಇರುಕಾಗಿದೆಯಾ ಅಂತ ಬರೆಸಿಕೊಳ್ಳಿ. ಎಚ್. ಪೈಲೋರಿ ಅನ್ನೋ ಹೊಟ್ಟೆಯ ಬ್ಯಾಕ್ಟೀರಿಯಾಗೆ ಬಯಾಪ್ಸಿ ತೆಗೆಯೋದಾದ್ರೆ ಪ್ಯಾಂಟೊಪ್ರಜೋಲ್ ಎರಡು ವಾರ ನಿಲ್ಲಿಸಿರಬೇಕು, ಇಲ್ಲದಿದ್ರೆ ಇದ್ದರೂ ಇಲ್ಲ ಅಂತ ಬರಬಹುದು. ನಿಲ್ಲಿಸೋದು ಡಾಕ್ಟರನ್ನ ಕೇಳಿಯೇ. ಜೊತೆಗೆ ಬೇರಿಯಂ ಕುಡಿಸಿ ಎಕ್ಸ್‌ರೇ. ಸ್ಲೀವ್ ಆಕಾರ ಎಂಡೋಸ್ಕೋಪಿಗಿಂತ ಅದರಲ್ಲಿ ಚೆನ್ನಾಗಿ ಕಾಣುತ್ತೆ. ಹೊಟ್ಟೆಯ ಸ್ಕ್ಯಾನಿಂಗ್‌ನಲ್ಲಿ ಪಿತ್ತಕೋಶದ ಕಲ್ಲು ನೋಡಿಸಿ.

ಆ ತಿರುವಿನ ಇರುಕಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕಂದ್ರೆ ಇದು ಬಹಳ ಸಲ ತಪ್ಪಿಹೋಗುತ್ತೆ. ಅಲ್ಲಿ ದಾರಿ ಕಿರಿದಾಗಿದ್ದರೆ ಮಾಂಸ, ಕಾಳು, ರೊಟ್ಟಿ ಎದೆಯಲ್ಲೇ ನಿಲ್ಲುತ್ತವೆ. ಮನುಷ್ಯ ಮೆಲ್ಲಗೆ ಜಾರೋ ತಿಂಡಿಗೆ ವಾಲ್ತಾನೆ: ನೂಪುಟ್ಟು (ಅಕ್ಕಿ ಶಾವಿಗೆ), ಪಾಪುಟ್ಟು (ಅಕ್ಕಿ ತರಿಯ ಹಬೆ ತಿಂಡಿ), ಬಿಸ್ಕತ್ತು ಅದ್ದಿದ ಕಾಫಿ. ಇವು ಬೇಗ ಇಳಿಯುತ್ತವೆ, ಹೊಟ್ಟೆ ತುಂಬಿದ ಹಾಗಾಗೋದಿಲ್ಲ, ತೂಕ ಏರುತ್ತೆ. ಕೆಳಗೆ ತಡೆ ಇರೋದರಿಂದ ಆಮ್ಲ ಮೇಲಕ್ಕೂ ಒತ್ತುತ್ತೆ. ಅಂಥವರಿಗೆ 'ಬಾಯಿ ಕಟ್ಟಿ' ಅಂತ ಬೈಯೋದು ಅನ್ಯಾಯ. ಕೆಲವರಿಗೆ ಎಂಡೋಸ್ಕೋಪಿಯಲ್ಲೇ ಬಲೂನ್ ಹಾಕಿ ಹಿಗ್ಗಿಸಿದರೆ ಸಾಕಾಗುತ್ತೆ.

ಇನ್ನು ಆಪರೇಷನ್‌ಗಳು. ಸ್ಲೀವನ್ನೇ ಮತ್ತೆ ಕಿರಿದು ಮಾಡೋದು ಅಕ್ಕನವರಿಗೆ ನನ್ನ ಮಟ್ಟಿಗೆ ಬೇಡವೇ ಬೇಡ. ಕಿರಿದಾದಷ್ಟೂ ಒಳಗಿನ ಒತ್ತಡ ಹೆಚ್ಚಿ ಹುಳಿ ತೇಗು ಜೋರಾಗುತ್ತೆ. ಹಳೇ ಹೊಲಿಗೆಯ ಜಾಗದಲ್ಲಿ ಮತ್ತೆ ಸ್ಟೇಪಲ್ ಹಾಕಿದ್ರೆ ಸೋರುವ ಅಪಾಯವೂ ಹೆಚ್ಚು. ಬೇರಿಯಂನಲ್ಲಿ ಉಳಿದ ಫಂಡಸ್ ಚೀಲದ ಹಾಗೆ ಕಂಡರೆ, ಹುಳಿ ತೇಗೂ ಇಲ್ಲದಿದ್ದರೆ ಮಾತ್ರ ಅದಕ್ಕೆ ಅರ್ಥ ಇದೆ.

ಮಿನಿ ಬೈಪಾಸಲ್ಲಿ ಒಂದೇ ಜೋಡಣೆ. ಉದ್ದನೆ ಹೊಟ್ಟೆಯ ಕೊಳವೆಗೆ ಸಣ್ಣ ಕರುಳಿನ 150ರಿಂದ 200 ಸೆಂ.ಮೀ. ಬಿಟ್ಟು ಮುಂದಿನ ಭಾಗವನ್ನು ಸೇರಿಸ್ತಾರೆ. ಶುಗರ್, ತೂಕ ಎರಡಕ್ಕೂ ಒಳ್ಳೆಯದು, ಬೇಗ ಮುಗಿಯುತ್ತೆ. ಆದ್ರೆ ಪಿತ್ತರಸ ಆ ಜೋಡಣೆಯ ಮುಂದೇ ಹರಿದುಹೋಗೋದರಿಂದ ಹೊಟ್ಟೆಗೆ, ಅಲ್ಲಿಂದ ಅನ್ನನಾಳಕ್ಕೆ ಏರಬಹುದು. ಪ್ಯಾಂಟೊಪ್ರಜೋಲ್ ಆಮ್ಲ ತಡೆಯುತ್ತೆ, ಪಿತ್ತ ತಡೆಯೋದಿಲ್ಲ. ಈಗಾಗಲೇ ಅನ್ನನಾಳ ಸುಟ್ಟಿರೋರಿಗೆ ಇದು ಸರಿಯಲ್ಲ.

ರೂ-ಆನ್-ವೈ ಬೈಪಾಸಲ್ಲಿ 30 ಮಿ.ಲೀ. ಆಸುಪಾಸಿನ ಸಣ್ಣ ಚೀಲ, ಎರಡು ಜೋಡಣೆ. ಊಟ ಹೋಗೋ ಕರುಳು 100ರಿಂದ 150 ಸೆಂ.ಮೀ. ಇರೋದರಿಂದ ಪಿತ್ತ ಚೀಲದ ತನಕ ಬರೋದಿಲ್ಲ, ಆಮ್ಲ ಹುಟ್ಟೋ ಭಾಗವೂ ದಾರಿಯಿಂದ ಬೇರೆಯಾಗುತ್ತೆ. ಹುಳಿ ತೇಗಿಗೆ, ಬ್ಯಾರೆಟ್ಸ್‌ಗೆ ಇದೇ ಮೊದಲ ಆಯ್ಕೆ. ಹಯಾಟಸ್ ಹರ್ನಿಯಾ ಇದ್ದರೆ ಅದೇ ಹೊತ್ತಿಗೆ ಹೊಲಿದು ಸರಿ ಮಾಡಬೇಕು. ಒಂದು ಮಾತು ಮುಂಚೆಯೇ ತಿಳಿದಿರಲಿ: ಸ್ಲೀವ್‌ನಿಂದ ಬೈಪಾಸ್‌ಗೆ ಬಂದವರಿಗೆ ಎದೆಯುರಿ ಚೆನ್ನಾಗಿ ಕಡಿಮೆಯಾಗುತ್ತೆ, ತೂಕ ಮಾತ್ರ ಮೊದಲ ಸಲದಷ್ಟು ಇಳಿಯೋದಿಲ್ಲ. 82ಕ್ಕಿಂತ ಕೆಳಗೆ ಹೋಗ್ತೀನಿ ಅಂತ ಲೆಕ್ಕ ಹಾಕಿಕೊಂಡು ಟೇಬಲ್ ಹತ್ತಬಾರದು.

ತೂಕ ಇಳಿಸೋದರಲ್ಲಿ ಸಾಡಿ ಅನ್ನೋ ಆಪರೇಷನ್ ಇನ್ನೂ ಜೋರು. ಸ್ಲೀವ್ ಹಾಗೇ ಇಟ್ಟು ಡ್ಯುವೊಡಿನಂ (ಸಣ್ಣ ಕರುಳಿನ ಮೊದಲ ಭಾಗ) ಕತ್ತರಿಸಿ, ಕರುಳಿನ ಕೊನೆಯ 250–300 ಸೆಂ.ಮೀ. ಭಾಗಕ್ಕೆ ಜೋಡಿಸ್ತಾರೆ. ಸ್ಲೀವ್ ಉಳಿಯೋದರಿಂದ ಹುಳಿ ತೇಗೂ ಉಳಿಯುತ್ತೆ. ಪ್ರೋಟೀನ್, ಎ ಮತ್ತು ಡಿ ವಿಟಮಿನ್, ಕಬ್ಬಿಣ ಜೀವನಪೂರ್ತಿ ಬಿಗಿಯಾಗಿ ನೋಡಿಕೊಳ್ಳಬೇಕು. ಅಕ್ಕನವರ ಸ್ಥಿತಿಗೆ ಹೊಂದೋದಿಲ್ಲ.

ಬಾಳೆಲೆ_ಆಹಾರತಜ್ಞೆ

ಮೇಲಿನವರು ಹೇಳಿದ್ದು ಸರಿ. ಎಂಡೋಸ್ಕೋಪಿಗೆ ದಿನ ಸಿಗೋ ತನಕ ಮನೇಲೇ ಎರಡು ಕೆಲಸ ಮಾಡಿ, ತಂಗಿ.

ಒಂದು, ಸ್ಲೀವ್ ಇನ್ನೂ ತಡೀತಿದೆಯಾ ಅಂತ ನೋಡೋದು. ಸಾರಿಲ್ಲದ ಬೇಯಿಸಿದ ಕೋಳಿ ಎದೆಮಾಂಸ ತೂಕ ಮಾಡಿ ಇಟ್ಟು, ನೀರು ಕುಡಿಯದೆ, ಇಪ್ಪತ್ತು ನಿಮಿಷದಲ್ಲಿ ನಿಧಾನ ಅಗಿದು ತಿನ್ನಲಿ. ನೂರು ಗ್ರಾಂ ಹತ್ತಿರ ಬಂದಾಗ ಸಾಕು ಅನ್ನಿಸಿದರೆ ಸ್ಲೀವ್ ಕೆಲಸ ಮಾಡ್ತಿದೆ, ಕ್ಯಾಲೊರಿ ಬೇರೆ ದಾರಿಯಲ್ಲಿ ನುಗ್ಗುತ್ತಿದೆ. ಇನ್ನೂರೈವತ್ತು ಗ್ರಾಂ ಸಲೀಸಾಗಿ ಹೋದರೆ ಹಿಗ್ಗಿರೋ ಸಾಧ್ಯತೆ. ನಾಲ್ಕು ತುತ್ತಿಗೇ ನಿಂತು ಬಾಯಲ್ಲಿ ನೊರೆನೀರು ಬಂದರೆ ಇರುಕಿನ ಅನುಮಾನ, ತಕ್ಷಣ ನಿಲ್ಲಿಸಿ. ಇದು ಅಂದಾಜು ಅಷ್ಟೇ, ಬೇರಿಯಂ ಪರೀಕ್ಷೆಗೆ ಬದಲಿಯಲ್ಲ.

ಇನ್ನೊಂದು, ಹದಿನಾಲ್ಕು ದಿನ ಬಾಯಿಗೆ ಹೋಗಿದ್ದೆಲ್ಲ ಬರೆಯೋದು, ಕುಡಿದಿದ್ದೂ ಸೇರಿ. ನಮ್ಮ ಕಡೆ ತೂಕ ಊಟದ ತಟ್ಟೆಯಿಂದ ಬರೋದಕ್ಕಿಂತ ಲೋಟದಿಂದ ಬರೋದೇ ಹೆಚ್ಚು. ಬೆಲ್ಲದ ಕಾಫಿಗೆ ಎರಡು ಚಮಚ ಬೆಲ್ಲ ಅಂದ್ರೆ 40 ಕ್ಯಾಲೊರಿ, ದಿನಕ್ಕೆ ಐದು ಲೋಟ ಆದರೆ 200. ವಿಸ್ಕಿ, ಬ್ರಾಂದಿ 60 ಮಿ.ಲೀ.ಗೆ 130 ಕ್ಯಾಲೊರಿ, ಸೋಡಾ ಬೆರೆಸಿದ್ರೂ ಅಷ್ಟೇ. ಮನೆಯಲ್ಲಿ ಮಾಡೋ ವೈನಿನಲ್ಲಿ ಸಕ್ಕರೆಯೂ ಸೇರಿರುತ್ತೆ. ಮದುವೆ, ಕೈಲ್ ಪೊಳ್ದ್, ಹುತ್ತರಿ ಹಬ್ಬದಲ್ಲಿ ಒಂದು ದಿನ ತಿಂದದ್ದು 19 ಕೆ.ಜಿ. ಏರಿಸಲ್ಲ. ದಿನವಿಡೀ ಚೂರು ಚೂರು ಬಾಯಾಡಿಸೋದು ಏರಿಸುತ್ತೆ, ಯಾಕಂದ್ರೆ ಸ್ಲೀವ್ ತಡೆಯೋದು ಒಂದೇ ಸಲ ಹೆಚ್ಚು ತಿನ್ನೋದನ್ನ ಮಾತ್ರ.

ಪ್ರೋಟೀನ್ ದಿನಕ್ಕೆ 60ರಿಂದ 80 ಗ್ರಾಂ. ಮೊಟ್ಟೆಗೆ 6 ಗ್ರಾಂ, ಬೇಯಿಸಿದ ಮೀನು ನೂರು ಗ್ರಾಂಗೆ ಸುಮಾರು 20, ಕೋಳಿಗೆ 25ರ ಮೇಲೆ. ಪಂದಿ ಕರಿ ಬಿಡಬೇಕಾಗಿಲ್ಲ. ಕೊಬ್ಬಿನ ಪದರ ತೆಗೆದ ತುಂಡು ಆರಿಸಿ, ಆ ದಿನ ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಒಂದೇ ಒಂದು ಇರಲಿ, ಮೊದಲು ಮಾಂಸ ತಿಂದು ಕೊನೆಗೆ ಅದು. ಎದೆಯುರಿ ಇರೋ ತನಕ ಕಾಚಂಪುಳಿ (ಕೊಡಗಿನ ಹುಳಿರಸ), ಖಾರ ಕಡಿಮೆ ಮಾಡಿ. ಊಟ ಆಗಿ ಅರ್ಧ ಗಂಟೆ ನೀರು ಬೇಡ. ಮಲಗೋಕೆ ಮೂರು ಗಂಟೆ ಮುಂಚೆ ಊಟ ಮುಗಿಯಬೇಕು, ಮಂಚದ ತಲೆಭಾಗದ ಕಾಲುಗಳ ಕೆಳಗೆ 15 ಸೆಂ.ಮೀ. ಎತ್ತರದ ಮರದ ತುಂಡು ಇಡಿ. ದಿಂಬು ಹೆಚ್ಚಿಸಿದ್ರೆ ಹೊಟ್ಟೆ ಮಡಚಿ ಇನ್ನೂ ಜಾಸ್ತಿಯಾಗುತ್ತೆ.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಒಂದೇ ನೋಡಬೇಡಿ. ಫೆರಿಟಿನ್, ಬಿ12, ಫೋಲೇಟ್, ವಿಟಮಿನ್ ಡಿ, ಕ್ಯಾಲ್ಸಿಯಂ, ಪಿಟಿಎಚ್, ಆಲ್ಬುಮಿನ್, ಟಿಎಸ್‌ಎಚ್ ಎಲ್ಲ ಬೇಕು. ಕೊರತೆ ಇಟ್ಟುಕೊಂಡು ಬೈಪಾಸ್‌ಗೆ ಹೋದರೆ ಆಮೇಲೆ ತುಂಬಿಸೋದು ಎರಡು ಪಟ್ಟು ಕಷ್ಟ.

ಶನಿವಾರಸಂತೆ_ತಂಗಿ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕನಿಗೆ ಮಾಂಸ ನಿಜವಾಗ್ಲೂ ಎದೆಯಲ್ಲಿ ನಿಲ್ಲುತ್ತೆ, ನೂಪುಟ್ಟು ಮಾತ್ರ ಸಲೀಸು. ಇದನ್ನ ಡಾಕ್ಟ್ರಿಗೆ ಹೇಳ್ಬೇಕು ಅಂತಲೇ ನಮಗೆ ಗೊತ್ತಿರಲಿಲ್ಲ. ಇಂಜೆಕ್ಷನ್ ಬಗ್ಗೆ ಯಾರೂ ಬರೆದಿಲ್ಲ. ಇನ್ಶೂರೆನ್ಸ್ ಕೊಡ್ತಾರಾ? ಮತ್ತೆ ಮಳೆಗಾಲದಲ್ಲಿ ಇಲ್ಲಿಂದ ಓಡಾಡೋದು ಹೇಗೆ?

ಓಟಿ_ಮಡಿಕೇರಿ

ಮಾಂಸ ನಿಲ್ಲೋದನ್ನ ಎಂಡೋಸ್ಕೋಪಿ ಮಾಡೋರಿಗೆ ಮೊದಲೇ ಹೇಳಿ. ಇರುಕು ಸಿಕ್ಕಿದ್ರೆ ದಾರಿಯೇ ಬದಲಾಗುತ್ತೆ.

ಇಂಜೆಕ್ಷನ್ ವಿಚಾರ. ಟಿರ್ಜೆಪಟೈಡ್ ಮತ್ತು ತೂಕಕ್ಕೆಂದೇ ಇರೋ ಸೆಮಾಗ್ಲುಟೈಡ್ ಎರಡೂ 2025ರಲ್ಲಿ ಭಾರತಕ್ಕೆ ಬಂದವು. ಅಂಗರಚನೆ ಸರಿಯಿದ್ದು ತೂಕ, ಶುಗರ್ ಮಾತ್ರ ಏರಿದ್ದರೆ ಕತ್ತರಿಗಿಂತ ಮೊದಲು ಇದನ್ನ ನೋಡೋದೇ ಸರಿ. ಟಿರ್ಜೆಪಟೈಡ್ ವಾರಕ್ಕೆ 2.5 ಮಿ.ಗ್ರಾಂ.ನಿಂದ ಶುರು, ನಾಲ್ಕು ವಾರದ ಮೇಲೆ 5, ಆಮೇಲೆ ಬೇಕಾದಷ್ಟೇ ಏರಿಕೆ, ಗರಿಷ್ಠ 15. ಆದ್ರೆ ಇದು ಹೊಟ್ಟೆ ಖಾಲಿಯಾಗೋದನ್ನ ನಿಧಾನ ಮಾಡುತ್ತೆ. ಇರುಕು ಇದ್ದವರಿಗೆ, ಹುಳಿ ತೇಗು ಜೋರಿದ್ದವರಿಗೆ ವಾಂತಿ, ಎದೆಯುರಿ ಹೆಚ್ಚಬಹುದು. ಮನೆತನದಲ್ಲಿ ಮೆಡುಲ್ಲರಿ ಥೈರಾಯ್ಡ್ ಕ್ಯಾನ್ಸರ್ ಇದ್ದರೆ ಕೊಡೋದಿಲ್ಲ, ಪ್ಯಾಂಕ್ರಿಯಾಟೈಟಿಸ್ (ಮೇದೋಜೀರಕ ಗ್ರಂಥಿಯ ಉರಿಯೂತ) ಆಗಿದ್ದರೆ ಮೊದಲೇ ಹೇಳಬೇಕು. ನಿಲ್ಲಿಸಿದ್ರೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತೆ, ಆದ್ದರಿಂದ ತಿಂಗಳ ಖರ್ಚನ್ನ ವರ್ಷಗಳ ಲೆಕ್ಕದಲ್ಲಿ ನೋಡಿ. ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಹೆಪ್ಪುಗಟ್ಟಬಾರದು. ಮಳೆಗಾಲದಲ್ಲಿ ಕರೆಂಟು ಹೋದ ಮಾತ್ರಕ್ಕೆ ಎಸೆಯಬೇಡಿ. 30 ಡಿಗ್ರಿ ಒಳಗೆ ಎಷ್ಟು ದಿನ ಇಡಬಹುದು ಅಂತ ಪೊಟ್ಟಣದ ಚೀಟಿಯಲ್ಲಿದೆ.

ಬೈಪಾಸ್ ಅಂತ ನಿರ್ಧಾರವಾದರೆ ಡಾಪಾಗ್ಲಿಫ್ಲೋಜಿನ್ ಆಪರೇಷನ್‌ಗೆ ಕನಿಷ್ಠ ಮೂರು ದಿನ ಮೊದಲು ನಿಲ್ಲಬೇಕು. ಉಪವಾಸದಲ್ಲಿ ಆ ಮಾತ್ರೆ ಮುಂದುವರಿದರೆ ಶುಗರ್ ಹೆಚ್ಚಿಲ್ಲದೆಯೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರೋ ಅಪಾಯದ ಸ್ಥಿತಿ) ಬರಬಹುದು. ನಮ್ಮ ಕಡೆ ಮೈಕೈ ನೋವಿಗೆ ಮೆಡಿಕಲ್ ಸ್ಟೋರಿನಿಂದ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಂದು ನುಂಗೋ ರೂಢಿ ಇದೆಯಲ್ಲ, ಬೈಪಾಸ್ ಆದವರಿಗೆ ಅದು ಜೋಡಣೆಯ ಜಾಗದಲ್ಲಿ ಹುಣ್ಣು ಮಾಡುತ್ತೆ. ಬೀಡಿ, ಸಿಗರೇಟೂ ಹಾಗೇ. ಪ್ಯಾರಾಸಿಟಮಾಲ್ ಮಾತ್ರ. ಮದ್ಯವೂ ಬೈಪಾಸ್ ಆದ ಮೇಲೆ ಬೇಗ ತಲೆಗೇರುತ್ತೆ, ಚಟವಾಗುವ ಅಪಾಯ ಮೊದಲಿಗಿಂತ ಹೆಚ್ಚು. ಈ ಮಾತನ್ನ ಮನೆಯವರೆಲ್ಲರೂ ಕೇಳಿಸಿಕೊಳ್ಳಬೇಕು.

ತುರ್ತಿಲ್ಲದಿದ್ದರೆ ಜೂನ್‌ನಿಂದ ಆಗಸ್ಟ್ ಬೇಡ. ಸೋರಿಕೆ ಸಾಮಾನ್ಯವಾಗಿ ಮೊದಲ ಹತ್ತು ದಿನದಲ್ಲಿ ಕಾಣಿಸಿಕೊಳ್ಳುತ್ತೆ: ನಾಡಿ 120 ದಾಟೋದು, ಜ್ವರ, ಎಡಭುಜಕ್ಕೆ ಹರಡೋ ನೋವು. ಅಷ್ಟು ದಿನ ಆಸ್ಪತ್ರೆ ಇರೋ ಊರಲ್ಲೇ ಉಳಿಯಿರಿ. ಮಣ್ಣು ಕುಸಿದು ರಸ್ತೆ ಮುಚ್ಚಿದರೆ ಏನಾಗುತ್ತೆ ಅಂತ 2018ರ ಆಗಸ್ಟಲ್ಲಿ ಕೊಡಗು ಜಿಲ್ಲೆಯೇ ನೋಡಿದೆ. ವಾಪಸ್ ಬರೋವಾಗ ಗಂಟೆಗೊಮ್ಮೆ ಕಾರು ನಿಲ್ಲಿಸಿ ಐದು ನಿಮಿಷ ನಡೆಸಿ, ಕಾಲಲ್ಲಿ ರಕ್ತ ಹೆಪ್ಪುಗಟ್ಟದಂತೆ. ಕಾಫಿ ಕೊಯ್ಲಿನ ಹೊತ್ತಿಗೆ ಬಿದ್ದರೆ ಆರು ವಾರ ಭಾರ ಎತ್ತೋ ಕೆಲಸಕ್ಕೆ ಬೇರೆಯವರನ್ನ ಗೊತ್ತು ಮಾಡಿಡಿ.

ವರ್ಷಗಳು ಕಳೆದ ಮೇಲೂ ಒಂದು ಅಪಾಯ ಉಳಿಯುತ್ತೆ. ಬೈಪಾಸ್ ಆದವರಿಗೆ ಕರುಳು ಒಳಗಿನ ಸಂದಿನಲ್ಲಿ ಸಿಕ್ಕಿಕೊಳ್ಳಬಹುದು. ಆ ಸಂದುಗಳನ್ನ ಹೊಲಿದು ಮುಚ್ಚುತ್ತೀರಾ ಅಂತ ಸರ್ಜನ್ನರನ್ನ ಕೇಳಿ. ಹಿಂಡೋ ಹೊಟ್ಟೆನೋವು ಬಂದು, ವಾಂತಿಯೇ ಇಲ್ಲದಿದ್ದರೂ ಗ್ಯಾಸ್ ಅಂತ ಮನೇಲಿ ಕೂರಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ 'ಬೈಪಾಸ್ ಆಗಿದೆ, ಹೃದಯದ್ದಲ್ಲ, ಹೊಟ್ಟೆಯದು' ಅಂತ ಬಿಡಿಸಿ ಹೇಳಿ, ಸಿಟಿ ಸ್ಕ್ಯಾನ್ ಕೇಳಿ. ಮೂರ್ನಾಲ್ಕು ದಿನ ಬಿಡದೆ ವಾಂತಿಯಾಗಿದ್ದರೆ ಗ್ಲೂಕೋಸ್ ಡ್ರಿಪ್‌ಗಿಂತ ಮೊದಲು ಥಯಾಮಿನ್ (ಬಿ1 ವಿಟಮಿನ್) ಇಂಜೆಕ್ಷನ್ ಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟು ಬೀಳಬಹುದು. ಇದೆಲ್ಲ ಡಿಸ್ಚಾರ್ಜ್ ಚೀಟಿಯಲ್ಲಿ ಬರೆಸಿ, ಫೋಟೋ ತೆಗೆದು ಮನೆಯವರ ಫೋನಿನಲ್ಲೂ ಇಡಿ.

ಪಾಲಿಸಿ_ಪುಸ್ತಕ

ಇನ್ಶೂರೆನ್ಸ್ ಬಗ್ಗೆ ಚಿಕ್ಕದಾಗಿ. ಐಆರ್‌ಡಿಎಐ (ವಿಮೆ ನಿಯಂತ್ರಣ ಸಂಸ್ಥೆ) ನಿಯಮದಂತೆ ತೂಕ ಇಳಿಸೋ ಆಪರೇಷನ್ನಿಗೆ ಬಿಎಂಐ 40 ಅಥವಾ ಹೆಚ್ಚಿರಬೇಕು. ಇಲ್ಲವೇ 35 ಅಥವಾ ಹೆಚ್ಚಿದ್ದು ಹೃದಯರೋಗ, ತೀವ್ರ ಸ್ಲೀಪ್ ಅಪ್ನಿಯಾ (ನಿದ್ದೆಯಲ್ಲಿ ಉಸಿರುಗಟ್ಟೋದು) ಅಥವಾ ಹತೋಟಿಗೆ ಬಾರದ ಟೈಪ್ 2 ಶುಗರ್ ಇರಬೇಕು, ಬೇರೆ ಚಿಕಿತ್ಸೆ ಫಲ ಕೊಟ್ಟಿರಬಾರದು. ನಿಮ್ಮ ಅಕ್ಕನವರದು 38.5 ಮತ್ತು ಶುಗರ್. ಆದ್ದರಿಂದ ಮಾತ್ರೆ ತೆಗೆದುಕೊಂಡರೂ ಎಚ್‌ಬಿಎ1ಸಿ ಏರಿದ ರಿಪೋರ್ಟುಗಳನ್ನು ತಾರೀಖಿನ ಪ್ರಕಾರ ಜೋಡಿಸಿ. ಎಂಡೋಸ್ಕೋಪಿ ರಿಪೋರ್ಟಲ್ಲಿ ಅನ್ನನಾಳದ ಗ್ರೇಡ್ ಬಂದರೆ ಸರ್ಜನ್ನರ ಪತ್ರದಲ್ಲಿ ಅದೂ ಕಾರಣವಾಗಿ ಬರಲಿ. 2019ರ ಆಪರೇಷನ್ನನ್ನು ಪಾಲಿಸಿ ಅರ್ಜಿಯಲ್ಲಿ ತಿಳಿಸಿದ್ದೀರಾ ನೋಡಿಕೊಳ್ಳಿ. ಮುಚ್ಚಿಟ್ಟಿದ್ದರೆ ಕ್ಲೇಮ್ ಬೀಳೋದು ಅಲ್ಲೇ. ಆಸ್ಪತ್ರೆಗೆ ಸೇರೋಕೆ ಮೊದಲೇ ಪೂರ್ವಾನುಮತಿಗೆ ಕಳಿಸಿ. ಆಗ 2019ರ ಡಿಸ್ಚಾರ್ಜ್ ಸಮ್ಮರಿಯನ್ನೂ ಆಪರೇಷನ್ ನೋಟ್ಸನ್ನೂ ಲಗತ್ತಿಸಿ. ಯಾವ ಅಳತೆಯ ಬೂಜಿ (ಅಳತೆಗೆಂದು ಹೊಟ್ಟೆಯೊಳಗೆ ಇಳಿಸೋ ಕೊಳವೆ) ಮೇಲೆ ಸ್ಲೀವ್ ಕತ್ತರಿಸಿದರು ಅನ್ನೋದು ಅದರಲ್ಲಿರುತ್ತೆ, ಹೊಸ ಸರ್ಜನ್ನರಿಗೂ ಅದು ಬೇಕು.