ನಮ್ಮ ಮನೆಯವರಷ್ಟೇ ಬ್ಯಾರೆಲ್ ತೊಳೆದರೆ ಡೆಂಗಿ ಸೊಳ್ಳೆ ಕಡಿಮೆಯಾಗುತ್ತದೆಯೇ?

ಪ್ರಶ್ನೆ (ಹುಬ್ಬಳ್ಳಿ): ಮೇಡಂ, ನೀವು ರೋಗ ಹರಡೋದರ ಗಣಿತ ಮಾಡವ್ರು ಅಂತ ಕೇಳಾಕತ್ತೀನಿ. ನಾವು ಬ್ಯಾರೆಲ್, ಟಾಕಿ ತಿಕ್ಕಿ ತೊಳೀತೀವಿ. ಬಾಜೂ ಮನಿಯವ್ರು ಮುಟ್ಟೋದಿಲ್ಲ. ಎಷ್ಟು ಮನಿಯವ್ರು ಮಾಡಿದ್ರ ಸೊಳ್ಳಿ ಕಡಿಮಿ ಆಗ್ತಾವು ಅಂತ ಲೆಕ್ಕ ಐತೇನ್ರಿ?

ಉತ್ತರ: ಇದೆ. ಸಿಕಂದರಾಬಾದಿನಲ್ಲಿ 1897ರಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ರೊನಾಲ್ಡ್ ರಾಸ್, ಮುಂದೆ ಸಮೀಕರಣ ಬರೆದು ತೋರಿಸಿದ್ದು ಇದನ್ನೇ: ಮಲೇರಿಯಾ ನಿಲ್ಲಬೇಕಾದರೆ ಸೊಳ್ಳೆಯ ವಂಶವನ್ನೇ ಅಳಿಸಬೇಕಿಲ್ಲ, ಸಂಖ್ಯೆ ಒಂದು ಮಿತಿಗಿಂತ ಕೆಳಗಿಳಿದರೆ ಸಾಕು. ಸೊಳ್ಳೆಯ ಸಂತತಿಗೂ ಅಂಥದ್ದೇ ಒಂದು ಮಿತಿಯಿದೆ. ಒಂದು ಹೆಣ್ಣು ಸೊಳ್ಳೆ ಮುಂದಿನ ಪೀಳಿಗೆಗೆ ಮೂರು ಹೆಣ್ಣುಗಳನ್ನು ಬಿಟ್ಟುಹೋಗುತ್ತದೆ ಎಂದುಕೊಳ್ಳಿ. ಮರಿಯಾಗುವ ತಾಣಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಮುಚ್ಚಿದರೆ ಆ ಮೂರರ ಜಾಗದಲ್ಲಿ ಒಂದಕ್ಕಿಂತ ಕಡಿಮೆ ಉಳಿದು, ಸಂತತಿ ಪೀಳಿಗೆಯಿಂದ ಪೀಳಿಗೆಗೆ ಇಳಿಯುತ್ತಲೇ ಹೋಗುತ್ತದೆ. ಅರ್ಧ ಮುಚ್ಚಿದರೆ ಸೊಳ್ಳೆ ತಗ್ಗುತ್ತದೆ, ಹೋಗುವುದಿಲ್ಲ.

ಕಷ್ಟ ಇರುವುದು ಮನುಷ್ಯರ ಲೆಕ್ಕದಲ್ಲಿ. ಸೊಳ್ಳೆ ಕಡಿಮೆಯಾದ ಕೂಡಲೇ ಜನ ಕೈಬಿಡುತ್ತಾರೆ, ಪಕ್ಕದವರು ಮಾಡುತ್ತಿದ್ದಾರಲ್ಲ ಎಂದು ಇನ್ನಷ್ಟು ಮಂದಿ ಸುಮ್ಮನಾಗುತ್ತಾರೆ. ಇದನ್ನು ಸಮೀಕರಣಕ್ಕೆ ಸೇರಿಸಿದರೆ ಸೊಳ್ಳೆಯ ಸಂಖ್ಯೆ ಇಳಿದು ಮತ್ತೆ ಏರುತ್ತದೆ. ಅದಕ್ಕೇ ಸೊಳ್ಳೆ ಕಂಡಾಗ ತೊಳೆಯುವುದಲ್ಲ, ಓಣಿಗೆಲ್ಲ ವಾರದ ಒಂದೇ ದಿನ ಗೊತ್ತುಮಾಡಿ, ಕಾಣಲಿ ಬಿಡಲಿ ತೊಳೆಯಬೇಕು. ಡೆಂಗಿ ಸೊಳ್ಳೆ ಸಾಮಾನ್ಯವಾಗಿ ನೂರಿನ್ನೂರು ಮೀಟರ್ ದಾಟಿ ಹೋಗುವುದಿಲ್ಲ. ಇಡೀ ಊರು ಒಪ್ಪುವವರೆಗೆ ಕಾಯಬೇಡಿ, ನಿಮ್ಮ ಓಣಿ ಒಪ್ಪಿದರೂ ಫಲ ಸಿಗುತ್ತದೆ.

ಪ್ರಶ್ನೆ (ಅದೇ ಓಣಿಯ ಇನ್ನೊಬ್ಬರು): ನಳದ ನೀರು ಬರೋದ ವಾರಕ್ಕೊಮ್ಮೆ. ಅದನ್ನ ಚೆಲ್ಲಂದ್ರ ಹೆಂಗ್ರಿ?

ಉತ್ತರ: ನಿಮ್ಮ ಮಾತು ನ್ಯಾಯವಾದದ್ದು. ಇದನ್ನು ಸೋಮಾರಿತನ ಎನ್ನುವವರು ಲೆಕ್ಕವನ್ನೇ ತಪ್ಪು ಹಾಕುತ್ತಿದ್ದಾರೆ. ನಮ್ಮ ಸೆಕೆಗೆ ಮೊಟ್ಟೆ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ನಳದ ಸರದಿ ಅಷ್ಟೇ ಉದ್ದವಾದರೆ ಮನೆಮನೆಯ ಬ್ಯಾರೆಲ್ಲೂ ಸೊಳ್ಳೆಗೆ ಬೇಕಾದಷ್ಟು ದಿನ ತುಂಬಿಯೇ ಇರುತ್ತದೆ. ನೀರು ಬಿಡುವ ಸರದಿಯನ್ನು ಹತ್ತಿರ ಮಾಡುವುದೂ ಸೊಳ್ಳೆ ನಿಯಂತ್ರಣವೇ, ಅದನ್ನು ಪಾಲಿಕೆಗೆ ಕೇಳಲೇಬೇಕು.

ಅಲ್ಲಿಯವರೆಗೆ ತುಂಬಿದ್ದನ್ನು ಚೆಲ್ಲಬೇಡಿ. ನಳ ಬರುವ ದಿನ, ಹೊಸ ನೀರು ಹಿಡಿಯುವ ಮೊದಲು, ತಳದಲ್ಲಿ ಉಳಿದದ್ದನ್ನು ಗಿಡಕ್ಕೆ, ಮಣ್ಣಿಗೆ ಹಾಕಿ. ಆ ನೀರಿನ ಮೇಲೇ ತುಂಬಿದರೆ ಹಳೆಯ ಮರಿಗಳು ಬೆಳೆಯುತ್ತಲೇ ಹೋಗುತ್ತವೆ. ಒಳಗೋಡೆಯನ್ನು, ಮುಖ್ಯವಾಗಿ ನೀರಿನ ಗೆರೆ ಇರುವಲ್ಲಿ, ನಾರಿನಿಂದ ಗಟ್ಟಿಯಾಗಿ ತಿಕ್ಕಿ. ಕರಿ ಸಾಸಿವೆಗಿಂತಲೂ ಸಣ್ಣ ಮೊಟ್ಟೆಗಳು ಅಲ್ಲಿ ಅಂಟಿರುತ್ತವೆ. ಒಣಗಿದರೂ ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದಾಗ ಮರಿಯಾಗುತ್ತವೆ. ತುಂಬಿದ ಮೇಲೆ ಬಾಯಿಗೆ ಹತ್ತಿಬಟ್ಟೆ ಹಾಕಿ ಸುತ್ತಲೂ ಹಗ್ಗದಿಂದ ಬಿಗಿಯಿರಿ. ಸಂದು ಉಳಿಯಬಾರದು. ಮರಿಗಳನ್ನು ಅರ್ಧ ಸೋಸಿ ತೆಗೆದರೆ ಉಳಿದವಕ್ಕೆ ಆಹಾರ ಹೆಚ್ಚು ಸಿಕ್ಕಿ ಚೆನ್ನಾಗಿ ಬಲಿಯುತ್ತವೆ.

ಪ್ರಶ್ನೆ: ಫಾಗಿಂಗ್ ಮಾಡಿಸಿದ್ರ ಸಾಕಾಗೋದಿಲ್ಲೇನ್ರಿ?

ಉತ್ತರ: ಸಾಲದು. ಹೊಗೆ ಹಾರಾಡುವ ಸೊಳ್ಳೆಯನ್ನಷ್ಟೇ ಕೊಲ್ಲುತ್ತದೆ. ಬ್ಯಾರೆಲ್ಲಿನ ಕೋಶಗಳು (ಮರಿ ಸೊಳ್ಳೆಯಾಗುವ ಮುಂಚಿನ ಹಂತ) ಒಂದೆರಡು ದಿನದಲ್ಲಿ ಸೊಳ್ಳೆಯಾಗಿ ಹೊರಬರುತ್ತವೆ. ಓಣಿಯಲ್ಲಿ ಡೆಂಗಿ ಕಾಣಿಸಿಕೊಂಡಾಗ, ಸೋಂಕು ಹೊತ್ತ ಸೊಳ್ಳೆಗಳನ್ನು ತಕ್ಷಣ ತಗ್ಗಿಸಲು ಮಾಡಿಸಿ, ಆದರೆ ಬ್ಯಾರೆಲ್ ತೊಳೆಯುವುದನ್ನು ಆ ವಾರವೂ ಬಿಡಬೇಡಿ.