ಎಎಂಡಿ ಇದ್ದ ಕಡೆಯೆಲ್ಲ ಹೈಗಾನ್ ಸೇರಿಸಿದರೆ ಸಾಕಾ?

ರಾತ್ರಿಪಾಳಿ:
ತಂಡಕ್ಕೆ ಹೊಸದಾಗಿ ಬಂದ ಹುಡುಗಿ ಕೆವಿಎಂ (ಲಿನಕ್ಸ್‌ನಲ್ಲಿ ವರ್ಚುವಲ್ ಯಂತ್ರ ನಡೆಸುವ ಭಾಗ) ಸೆಲ್ಫ್‌ಟೆಸ್ಟ್‌ಗಳಿಗೆ ಒಂದು ಪ್ಯಾಚ್ ಕಳಿಸಿದ್ದಾಳೆ. ‘ಹೋಸ್ಟ್ (ವರ್ಚುವಲ್ ಯಂತ್ರ ಓಡಿಸುವ ನಿಜ ಯಂತ್ರ) ಎಎಂಡಿನಾ?’ ಅಂತ ಕೇಳುವ ಕಡೆಯೆಲ್ಲ ‘ಅಥವಾ ಹೈಗಾನ್’ ಸೇರಿಸಿದ್ದಾಳೆ. ಹೈಗಾನ್ ಅಂದರೆ ಚೀನಾದ ಚಿಪ್, ಎಎಂಡಿಯ ಝೆನ್ ವಿನ್ಯಾಸದ್ದೇ, ನಡೆಸುವುದೂ ಎಎಂಡಿಯ ಕೆವಿಎಂ ಮಾಡ್ಯೂಲೇ. ಆದರೆ ಸಿಪಿಯುಐಡಿ (ಚಿಪ್ ತನ್ನ ಗುರುತು ಹೇಳುವ ಆದೇಶ) ಕೇಳಿದರೆ ‘ಹೈಗಾನ್‌ಜೆನ್ಯುಯಿನ್’ ಅನ್ನುತ್ತದೆ. ನನ್ನ ಮೇಜಿನ ಕೆಳಗೆ ಇಂಟೆಲ್ ಒಂದು, ಎಎಂಡಿ ಒಂದು ಇವೆ. ಎರಡರಲ್ಲೂ ಟೆಸ್ಟ್ ಫಲಿತಾಂಶ ಹಸಿರು. ಹೈಗಾನ್ ಇಲ್ಲ. ಒಪ್ಪಿಗೆ ಕೊಡಲು ಮನಸ್ಸು ಬರುತ್ತಿಲ್ಲ.

ಹಳೇಸಿಲಿಕಾನ್:
ಕೋಡಿನ ಒಂದೊಂದು ಇಫ್ (ಷರತ್ತು) ಹತ್ತಿರವೂ ನಿಲ್ಲಿ. ಅದು ನಿಜಕ್ಕೂ ಕೇಳುತ್ತಿರುವುದು ಏನು?

ಹೈಪರ್‌ಕಾಲ್ (ಗೆಸ್ಟ್, ಅಂದರೆ ಒಳಗಿನ ವರ್ಚುವಲ್ ಯಂತ್ರ, ಕೆವಿಎಂ ಅನ್ನು ಕರೆಯುವುದು) ಟೆಸ್ಟ್ ಸುಲಭ. ಇಂಟೆಲ್‌ಗೆ ವಿಎಂಕಾಲ್, ಬೈಟ್‌ಗಳು 0ಎಫ್ 01 ಸಿ1. ಎಎಂಡಿಗೆ ವಿಎಂಎಂಕಾಲ್, ಕೊನೆಯ ಬೈಟ್ ಡಿ9. ಗೆಸ್ಟ್ ತಪ್ಪಾದದ್ದನ್ನು ಬಳಸಿದರೆ ಕೆವಿಎಂ ಆ ಬೈಟ್‌ಗಳನ್ನೇ ತಿದ್ದುತ್ತದೆ. ಹೈಗಾನ್‌ಗೂ ವಿಎಂಎಂಕಾಲೇ, ಸೇರಿಸಲಿ ಬಿಡಿ.

ಗರಿಷ್ಠ ಮೆಮೊರಿ ವಿಳಾಸ ಲೆಕ್ಕ ಹಾಕುವ ಜಾಗ ಹಾಗಲ್ಲ. ಎಎಂಡಿಯಲ್ಲಿ ಹೈಪರ್‌ಟ್ರಾನ್ಸ್‌ಪೋರ್ಟ್‌ಗೆ (ಚಿಪ್‌ಗಳ ನಡುವಿನ ಸಂಪರ್ಕಕ್ಕೆ) ಅಂತ 12 ಜಿಬಿ ಬಿಟ್ಟಿರಬೇಕು. ಫ್ಯಾಮಿಲಿ 17ಎಚ್‌ಗೆ (ಮೊದಲ ಝೆನ್‌ಗಳ ಪೀಳಿಗೆ ಸಂಖ್ಯೆ) ಮುಂಚೆ ಅದು 1 ಟಿಬಿಯ ಕೆಳಗಿತ್ತು, ಆಮೇಲೆ ವಿಳಾಸಗಳ ತುದಿಗೆ ಹೋಯಿತು. ಹೈಗಾನ್ ಫ್ಯಾಮಿಲಿ 18ಎಚ್. ಕೋಡಿನಲ್ಲಿ ‘17ಎಚ್‌ಗಿಂತ ಕಡಿಮೆ’ ಅಂತಿದೆಯಾ, ‘17ಎಚ್‌ಗೆ ಸಮ’ ಅಂತಿದೆಯಾ? ಎಡವುವುದು ಅಲ್ಲೇ.

ಪಿಎಂಯು (ಚಿಪ್ಪಿನೊಳಗೆ ಈವೆಂಟ್ ಎಣಿಸುವ ಘಟಕ) ಕಡೆಯೂ ನೋಡಿ. ರಿಟೈರ್ ಆದ (ಪೂರ್ತಿ ಮುಗಿದ) ಬ್ರಾಂಚ್ ಎಣಿಸಲು ಇಂಟೆಲ್‌ನಲ್ಲಿ ಈವೆಂಟ್ ಸಿ4, ಝೆನ್‌ನಲ್ಲಿ ಸಿ2.

ಚುರುಮುರಿ:
ಹಸಿರು ಅಂದಿರಲ್ಲ, ಟೆಸ್ಟ್ ಓಡಿತ್ತಾ? ನಮ್ಮಲ್ಲಿ ಮೂರು ವಾರ ಎಎಂಡಿ ಸಾಲು ಸುಮ್ನೆ ಹಸಿರಾಗಿತ್ತು. ಯಾರೋ ಬಯಾಸ್ ರೀಸೆಟ್ ಮಾಡಿ ಎಸ್‌ವಿಎಂ (ಎಎಂಡಿಯ ವರ್ಚುವಲೈಸೇಶನ್ ಸೌಲಭ್ಯ) ಆಫ್ ಆಗಿತ್ತು. ಎಲ್ಲವೂ ಸ್ಕಿಪ್, ಎಕ್ಸಿಟ್ ಕೋಡ್ 4. ನಾನೇ ಬರೆದ ಸ್ಕ್ರಿಪ್ಟ್ ಅದನ್ನು ಪಾಸ್ ಲೆಕ್ಕಕ್ಕೆ ಹಾಕಿತ್ತು!

ಹೈಗಾನ್ ಇಲ್ಲದಿದ್ದರೆ ಎಎಂಡಿ ಮೇಲೆ ಯಂತ್ರ ಅನುಕರಿಸುವ ಕ್ಯೂಇಎಂಯುನ ‘ಧ್ಯಾನ’ (ಹೈಗಾನ್ ಚಿಪ್ಪಿನದೇ ಹೆಸರು) ಸಿಪಿಯು ಮಾದರಿ ಕೊಡಿ, ಎಸ್‌ವಿಎಂ ಆನ್ ಮಾಡಿ, ಒಳಗೆ ಟೆಸ್ಟ್ ಓಡಿಸಿ. ಆ ಇಫ್‌ಗಳ ದಾರಿಯಾದರೂ ತಿಳಿಯುತ್ತದೆ. ನಿಜವಾದ ಚಿಪ್ಪಿನ ಗುಣ ತಿಳಿಯಲ್ಲ. (ಝೆನ್ ಅನ್ನುವ ಪದದ ಮೂಲವೇ ಧ್ಯಾನ, ಅಲ್ವಾ. ಹೆಸರಿಟ್ಟವರು ಜಾಣರು.)

ರಾತ್ರಿಪಾಳಿ:
ಲಾಗ್ ತೆರೆದೆ. ಎಎಂಡಿಯಲ್ಲಿ ವಿಎಂಎಕ್ಸ್ (ಇಂಟೆಲ್‌ನ ವರ್ಚುವಲೈಸೇಶನ್) ಟೆಸ್ಟ್‌ಗಳು ಸ್ಕಿಪ್, ಅದು ಸರಿಯೇ. ಪಿಎಂಯು ಫಿಲ್ಟರ್ ಟೆಸ್ಟೂ ಸ್ಕಿಪ್! ಹೋದ ತಿಂಗಳು ಬೇರೇನೋ ಹುಡುಕುವಾಗ ಕೆವಿಎಂನ ಪಿಎಂಯು ಆಫ್ ಮಾಡಿದ್ದು ನಾನೇ. ಅಂದರೆ ಅವಳು ಮುಟ್ಟಿದ ಆ ಸಾಲು ಎಎಂಡಿಯಲ್ಲಿ ಒಮ್ಮೆಯೂ ಓಡಿಲ್ಲ. ಪ್ಯಾಚನ್ನು ಮೂರಾಗಿ ಒಡೆದು, ಪ್ರತಿಯೊಂದಕ್ಕೂ ಕಾರಣ ಬರೆಯಲು ಹೇಳಿದ್ದೇನೆ. ಪಿಎಂಯು ವಿಷಯಕ್ಕೆ ಸಾರಿ ಕೇಳಿದೆ.