ಅಪ್‌ಡೇಟ್: ಜೋಡಿ ನಳಿಗೆ ಕೋವಿಯೊಳಗೆ ಅಂಟಿದ್ದ ಸೀಸ ಬಿಟ್ಟಿತು

ಬೆಳೆ ರಕ್ಷಣೆಯ ಲೈಸೆನ್ಸ್ ಇರುವ 12 ಬೋರ್ (ನಳಿಗೆಯ ಒಳಗಾತ್ರದ ಅಳತೆ) ಕೋವಿಯ ನಳಿಗೆಯಲ್ಲಿ ಬೂದು ಗೀರು ಉಳಿದಿದೆ, ಎಣ್ಣೆ ಬಟ್ಟೆಗೆ ಹೋಗುತ್ತಿಲ್ಲ ಎಂದು ಇಲ್ಲಿ ಕೇಳಿದ್ದೆ. ಅದು ತೋಟಾದ ಗುಂಡಿನಿಂದ ಅಂಟಿದ ಸೀಸವೇ. ಉತ್ತರಿಸಿದವರಿಗೆಲ್ಲ ಧನ್ಯವಾದ.

ಸೀಸ ಹೆಚ್ಚು ಕೂರುವುದು ಎರಡೇ ಕಡೆ: ತೋಟಾ ಕೂರುವ ಚೇಂಬರ್ ಮುಗಿದು ನಳಿಗೆ ಕಿರಿದಾಗುವಲ್ಲಿ, ಮತ್ತು ತುದಿಯ ಚೋಕ್‌ನಲ್ಲಿ, ಅಂದರೆ ಬಾಯಿಯ ಬಳಿ ನಳಿಗೆ ಮತ್ತೆ ಕಿರಿದಾಗುವಲ್ಲಿ. ಬಟ್ಟೆ ಅದರ ಮೇಲೆ ಜಾರಿಹೋಗುತ್ತದೆ, ಕೆರೆಯುವುದಿಲ್ಲ.

ಎರಡೂ ಚೇಂಬರ್ ಖಾಲಿ ಇವೆಯೆಂದು ಕಣ್ಣಿಟ್ಟು ನೋಡಿ, ನಳಿಗೆ ಬಿಚ್ಚಿ. ಒಳಗೆ ಸೀಮೆಎಣ್ಣೆ ಸವರಿ 20 ನಿಮಿಷ ಬಿಡಿ. ಬಳಿಕ 12 ಬೋರ್‌ನ ಕಂಚಿನ ಬ್ರಷ್ಷನ್ನು ಚೇಂಬರ್ ಕಡೆಯಿಂದ ತೂರಿಸಿ, ಪೂರ್ತಿ ಹೊರಬಂದ ಮೇಲೆಯೇ ಹಿಂದಕ್ಕೆಳೆಯಿರಿ. ನಡುವೆಯೇ ಹಿಂದಕ್ಕೆಳೆದರೆ ಬ್ರಷ್ಷಿನ ಎಳೆಗಳು ಮುರಿಯುತ್ತವೆ. ಆಗಲೂ ಬಿಡದಿದ್ದರೆ ಹಳೆಯ ಬ್ರಷ್ಷಿಗೆ ನಾಲ್ಕು ಸೊನ್ನೆ (0000) ನಂಬರಿನ, ಅಂದರೆ ತೀರಾ ನಯವಾದ ಸ್ಟೀಲ್ ವುಲ್ (ಉಕ್ಕಿನ ನಾರು) ಸುತ್ತಿ ಉಜ್ಜಿ. ಸ್ಯಾಂಡ್‌ಪೇಪರ್ ಮಾತ್ರ ಖಂಡಿತ ಬೇಡ.

ಒಬ್ಬರು ಹೇಳಿದ ವಿನೆಗರ್, ಹೈಡ್ರೋಜನ್ ಪೆರಾಕ್ಸೈಡ್ ಮಿಶ್ರಣವನ್ನು ದಯವಿಟ್ಟು ಯಾರೂ ಬಳಸಬೇಡಿ. ಸೀಸ ಕರಗಿ ಲೆಡ್ ಅಸಿಟೇಟ್ ಆಗುತ್ತದೆ, ಅದು ವಿಷ. ಮೋರಿಗೆ ಚೆಲ್ಲಿದರೆ ನಾಲೆ ನೀರಿಗೇ ಸೇರುತ್ತದೆ. ಉಜ್ಜುವಾಗಲೂ ಗ್ಲೌಸ್ ಹಾಕಿ, ಬಯಲಲ್ಲಿ ಕೂತು ಮಾಡಿ. ಮಕ್ಕಳು ಹತ್ತಿರ ಬಾರದಿರಲಿ. ಕೊಳೆಯಾದ ಬಟ್ಟೆಯನ್ನು ಒಲೆಗೆ ಹಾಕಬೇಡಿ.

ಕೊನೆಗೆ ಒಣಬಟ್ಟೆ, ನಂತರ ತೆಳುವಾಗಿ ಗನ್ ಆಯಿಲ್. ಎಣ್ಣೆ ಹೆಚ್ಚಾದರೆ ಮರದ ಹಿಡಿಗೆ ಇಳಿದು ಮರ ಮೆತ್ತಗಾಗುತ್ತದೆ. ಆದ್ದರಿಂದ ನಳಿಗೆಯ ಬಾಯಿ ಕೆಳಗೆ ಮಾಡಿ, ಬೀಗ ಹಾಕಿದ ಕಪಾಟಿನಲ್ಲಿಡಿ. ನಮ್ಮ ಮಂಡ್ಯದ ನಾಲೆ ಬಯಲಲ್ಲಿ ತೇವ ಜಾಸ್ತಿ, ಬಟ್ಟೆಯ ಚೀಲದಲ್ಲಿ ಸುತ್ತಿಟ್ಟರೆ ತುಕ್ಕು ಬೇಗ ಹಿಡಿಯುತ್ತದೆ. ಮತ್ತೆ ತೋಟಾ ಹಾಕುವ ಮುಂಚೆ ನಳಿಗೆ, ಚೇಂಬರ್ ಎರಡರ ಎಣ್ಣೆಯನ್ನೂ ಒರೆಸಲೇಬೇಕು.